ಕಾವೇರಿ: ಬಗೆಹರಿಯದ ಕೆಲವು ಟಿಪ್ಪಣಿಗಳು

ತಲಕಾವೇರಿಯಿಂದ ಅರಬ್ಬಿ ಸಮುದ್ರ ಹತ್ತಿರ. ಹೊಳೆ ಮಾತ್ರ ಆ ಕಡೆ ತಿರುಗಿಯೂ ನೋಡದೆ ಸುಮಾರು 800 ಕಿ.ಮೀ. ಹರಿದು ಪೂಂಪುಹಾರ್‌ನಲ್ಲಿ ಬಂಗಾಳಕೊಲ್ಲಿ ಸೇರುತ್ತದೆ. ಪ್ರಸ್ಥಭೂಮಿ ಪೂರ್ವಕ್ಕೆ ವಾಲಿದೆ, ಒಪ್ಪಿದೆ. ಆದರೆ ಕೊಡಗಿನಲ್ಲೇ ಹುಟ್ಟುವ ಪಯಸ್ವಿನಿ ಕಾಸರಗೋಡಿನ ಕಡೆ ಇಳಿಯುತ್ತದಲ್ಲ! ಹನಿ ಬೆಟ್ಟದ ಏಣಿನ ಯಾವ ಮಗ್ಗುಲಿಗೆ ಬಿತ್ತು ಎನ್ನುವುದರ ಮೇಲೆ ಅದರ ಕಡಲು ನಿಂತಿದೆ.

*

ಕೊಡಗಿನಲ್ಲಿ ತೀರ್ಥೋದ್ಭವ ತುಲಾ ಸಂಕ್ರಮಣಕ್ಕೆ, ಅಂದರೆ ಅಕ್ಟೋಬರ್ ನಡುವೆ, ಮುಂಗಾರಿನ ಅಬ್ಬರ ಇಳಿದ ಮೇಲೆ. ತಮಿಳುನಾಡಿನಲ್ಲಿ ಹೊಳೆಯ ಹಬ್ಬ ಆಡಿ ಹದಿನೆಂಟು, ಆಗಸ್ಟ್ ಆರಂಭದಲ್ಲಿ. ತಂಜಾವೂರಿಗೆ ದೊಡ್ಡ ಮಳೆ ಬರುವುದು ಹಿಂಗಾರಿನಲ್ಲಿ. ಆಗಸ್ಟ್‌ನಲ್ಲಿ ಅಲ್ಲಿ ಏರುವ ನೀರು ಕೊಡಗು, ವಯನಾಡುಗಳದ್ದು. ಎಲ್ಲೋ ಸುರಿದ ಮಳೆಗೆ ಇನ್ನೆಲ್ಲೋ ಹಬ್ಬ!

*

ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗ: ಹೊಳೆ ಕವಲೊಡೆದು ನಡುಗಡ್ಡೆಯಾದ ಮೂರು ಕಡೆಯೂ ರಂಗನಾಥ ಮಲಗಿದ್ದಾನೆ. ಶಿವನಸಮುದ್ರದ ಮಧ್ಯರಂಗನ ಪಕ್ಕದಲ್ಲೇ 1902ರಲ್ಲಿ ವಿದ್ಯುತ್ ಹುಟ್ಟಿತು. ಅದು ಮೊದಲು ಹೋದದ್ದು ಕಾವೇರಿ ಕಣಿವೆಯ ಆಚೆಗಿನ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪಗಳು ಹತ್ತಲು 1905 ಬರಬೇಕಾಯಿತು.

*

ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಅರ್ಧ ಕಿ.ಮೀ. ಎತ್ತರ ಹತ್ತಿ ಕಾವೇರಿ ನೀರು ಬೆಂಗಳೂರಿಗೆ ಬರುತ್ತದೆ. ಊರೋ ಏಣಿನ ಮೇಲೆ ಕೂತಿದೆ. ಪಶ್ಚಿಮದ ಬಚ್ಚಲ ನೀರು ವೃಷಭಾವತಿ, ಅರ್ಕಾವತಿಗಳ ದಾರಿ ಹಿಡಿದು ಮತ್ತೆ ಕಾವೇರಿಗೆ. ಪೂರ್ವದ್ದು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ. ನಲ್ಲಿಯಲ್ಲಿ ಕಾವೇರಿ, ಮೋರಿಯಲ್ಲಿ ಪಿನಾಕಿನಿ.

*

ಊರು ಏಣಿನ ಮೇಲೆ ಕೂತ ಈ ತೊಡಕು ನ್ಯಾಯಾಲಯಕ್ಕೂ ಎದುರಾಯಿತು. ನಗರದ ಮೂರನೇ ಒಂದು ಪಾಲು ಮಾತ್ರ ಕಾವೇರಿ ಕಣಿವೆಯೊಳಗಿದೆ ಎಂದು 2007ರಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿ ಲೆಕ್ಕ ಹಿಡಿದಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಆ ಲೆಕ್ಕ ಬಿಟ್ಟು, ಬೆಂಗಳೂರಿಗೆಂದೇ 4.75 ಟಿಎಂಸಿ ಹೆಚ್ಚಿಸಿತು. ಬಾಯಾರಿಕೆಗೆ ಕಣಿವೆಯ ಗೆರೆ ಎಲ್ಲಿಂದ ಬರಬೇಕು?

*

ಅದೇ 2018ರಲ್ಲಿ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹರಿಯತೊಡಗಿತು. ಅಂದರೆ ಕಾವೇರಿ ಕೋಲಾರಕ್ಕೆ ಎರಡು ಸಲ ಹೋದಂತಾಯಿತು: ಮೊದಲು ವಿದ್ಯುತ್ತಾಗಿ, ಆಮೇಲೆ ಬೆಂಗಳೂರು ಬಳಸಿ ಬಿಟ್ಟ ನೀರಾಗಿ. ಸರ್ಕಾರಿ ಲೆಕ್ಕದಲ್ಲಿ ಅದು ಸಂಸ್ಕರಿಸಿದ ತ್ಯಾಜ್ಯ ನೀರು. ತುಲಾ ಸಂಕ್ರಮಣದಂದು ಆ ಕೆರೆಗಳಲ್ಲಿ ಮುಳುಗಿದರೆ ಕಾವೇರಿ ಸ್ನಾನದ ಪುಣ್ಯ ಉಂಟೇ ಎಂದು ಪಂಚಾಂಗದವರನ್ನು ಕೇಳಬೇಕು.