ಅಪ್ರದಕ್ಷಿಣೆ

ನಾನು ಎಡಚಿ. ಚಿಕ್ಕವಳಿದ್ದಾಗ ಅಜ್ಜಿ ನನ್ನ ಎಡಗೈಯಲ್ಲಿದ್ದ ಚಮಚ ತೆಗೆದು ಬಲಗೈಗೆ ಕೊಡುತ್ತಿದ್ದಳು. ಬೈಯುತ್ತಿರಲಿಲ್ಲ, ‘ಅದು ಸರಿಯಲ್ಲ ಮಗಾ’ ಅನ್ನುತ್ತಿದ್ದಳು, ಅಷ್ಟೇ. ಪಿಎಚ್‌ಡಿಗೆಂದು ದಿಕ್ಕು ಸೂಚಿಸುವ ಪದಗಳ ಹಿಂದೆ ಬಿದ್ದ ಮೇಲೆ, ಹಳೆಯ ಸ್ಕಾಟ್ಸ್ ಭಾಷೆಯ ‘ವಿಡ್ಡರ್‌ಶಿನ್ಸ್’ ಎದುರಾದ ದಿನ ಆ ಮಾತು ನೆನಪಾಯಿತು.

ಸೂರ್ಯ ಸಾಗುವ ದಿಕ್ಕಿಗೆ ವಿರುದ್ಧವಾಗಿ, ಅಂದರೆ ಅಪ್ರದಕ್ಷಿಣವಾಗಿ ಎಂಬುದು ಅದರ ಇಂದಿನ ಅರ್ಥ. ಮೂಲದಲ್ಲಿ ಮಾತ್ರ ಅದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. ಮಧ್ಯಕಾಲದ ಕೆಳ ಜರ್ಮನ್‌ನಿಂದ ಬಂದ ಈ ಪದದಲ್ಲಿರುವುದು ‘ಎದುರು’ ಮತ್ತು ‘ದಾರಿ’ ಎಂಬ ಎರಡು ತುಂಡು. ‘ಉಲ್ಟಾ’ ಅನ್ನುತ್ತೇವಲ್ಲ, ಹಾಗೆ. 1513ರಲ್ಲಿ ವರ್ಜಿಲನ ‘ಈನಿಡ್’ ಕಾವ್ಯವನ್ನು ಸ್ಕಾಟ್ಸ್‌ಗೆ ತಂದು ಮುಗಿಸಿದ ಗ್ಯಾವಿನ್ ಡಗ್ಲಸ್, ಹೆದರಿ ನೆಟ್ಟಗೆ ನಿಂತ ಕೂದಲಿಗೆ ಇದೇ ಪದ ಬಳಸಿದ್ದಾನೆ. ಅಲ್ಲಿ ಪಾಪವೂ ಇಲ್ಲ, ಅಪಶಕುನವೂ ಇಲ್ಲ.

ಪದದ ಕೊನೆಯ ತುಂಡು ಸ್ಕಾಟ್ಸ್ ಕಿವಿಗೆ ‘ಸೂರ್ಯ’ನಂತೆ ಕೇಳಿಸತೊಡಗಿದ ಮೇಲೆ ಅರ್ಥವೂ ಅತ್ತ ವಾಲಿತು. ಸೂರ್ಯನಿಗೆ ಎದುರು ತಿರುಗುವುದು ಕೇಡು ಎಂಬ ನಂಬಿಕೆ ಅದಕ್ಕೆ ಅಂಟಿಕೊಂಡಿತು. ನಾರ್ತ್ ಬೆರಿಕ್‌ನ ಮಾಟಗಾತಿ ವಿಚಾರಣೆಗಳಲ್ಲಿ ಆಗ್ನೆಸ್ ಸ್ಯಾಂಪ್ಸನ್ ಎಂಬ ನಾಟಿವೈದ್ಯೆಯ ಮೇಲೆ ಹೊರಿಸಿದ ಆರೋಪಗಳಲ್ಲಿ ಈ ಪದವಿದೆ: ಸೈತಾನನ ಸಭೆಯಲ್ಲಿ ಗಂಡಸರು ಒಂಬತ್ತು ಸುತ್ತು, ಹೆಂಗಸರು ಆರು ಸುತ್ತು ವಿಡ್ಡರ್‌ಶಿನ್ಸ್ ತಿರುಗಿದರಂತೆ. ದೊರೆ ಆರನೇ ಜೇಮ್ಸ್ ಖುದ್ದಾಗಿ ಅವಳನ್ನು ಪ್ರಶ್ನಿಸಿದ. 1591ರಲ್ಲಿ ಅವಳನ್ನು ಕೊಂದರು. ಕೂದಲು ನಿಮಿರಿದ್ದನ್ನು ಹೇಳುತ್ತಿದ್ದ ಪದ ಎಂಬತ್ತು ವರ್ಷ ತುಂಬುವುದರೊಳಗೆ ಆರೋಪಪಟ್ಟಿ ಸೇರಿತ್ತು.

ಇದಕ್ಕೆ ಪ್ರತಿಯಾಗಿ ಶುಭದ ಸುತ್ತಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಬೇರೆ ಪದವಿದೆ. ಅದರ ಬೇರು ‘ದೆಸ್’. ಬಲಗಡೆ ಎಂದೂ ಅರ್ಥ, ದಕ್ಷಿಣ ದಿಕ್ಕು ಎಂದೂ ಅರ್ಥ. ನಮ್ಮ ‘ದಕ್ಷಿಣ’ ಎಂಬ ಸಂಸ್ಕೃತ ಪದಕ್ಕೂ ಅವೇ ಎರಡು ಅರ್ಥ. ಮೂಡಣಕ್ಕೆ ಮುಖ ಮಾಡಿ ನಿಂತರೆ ಬಲಗೈ ಇರುವುದು ತೆಂಕಣಕ್ಕೇ. ಎರಡೂ ಒಂದೇ ಬೇರಿನ ಪದಗಳು. ಇದನ್ನು ಓದಿದಾಗ ಖುಷಿಯಾಯಿತು, ಜೊತೆಗೆ ತುಸು ಬೇಸರವೂ. ಎಡಗೈಯವರಿಗೆ ಅಷ್ಟು ದೂರದಲ್ಲೂ ಜಾಗವಿಲ್ಲ!

ಹೋದ ವರ್ಷ ಅಜ್ಜಿ ತೀರಿಕೊಂಡಳು. ಅಂಗಳದಲ್ಲಿ ಮಲಗಿಸಿದ್ದ ಅವಳ ಸುತ್ತ ಬರಲು ಅಭ್ಯಾಸಬಲದಿಂದ ನಾನು ದೇವಸ್ಥಾನದಲ್ಲಿ ಸುತ್ತುವಂತೆ ಹೊರಟೆ. ಹಿರಿಯರೊಬ್ಬರು ಭುಜ ಹಿಡಿದು ತಿರುಗಿಸಿದರು: ‘ಇವತ್ತು ಆ ಕಡೆಯಿಂದಲ್ಲ, ಈ ಕಡೆಯಿಂದ.’

ಸುಮ್ಮನೆ ತಿರುಗಿದೆ. ಅಕ್ಕಿಕಾಳು ನನ್ನ ಎಡಗೈಯಲ್ಲೇ ಇತ್ತು. ಯಾರೂ ಏನೂ ಅನ್ನಲಿಲ್ಲ.