ತಾತ್ಕಾಲಿಕ ಎಂಬ ಮಾತಿನ ಆಯುಷ್ಯ

ಕಚೇರಿಯ ಕಡತಗಳಲ್ಲಿ 'ತಾತ್ಕಾಲಿಕ' ಎಂಬ ಪದಕ್ಕೆ ಆಯುಷ್ಯ ಬಹಳ ಗಟ್ಟಿ. ತಾತ್ಕಾಲಿಕ ಶೆಡ್ಡಿನಲ್ಲಿ ಶುರುವಾದ ಶಾಲೆ ಅದೇ ಶೆಡ್ಡಿನಲ್ಲಿ ಬೆಳ್ಳಿಹಬ್ಬ ಆಚರಿಸುತ್ತದೆ. ತಾತ್ಕಾಲಿಕವಾಗಿ ಕೆಲಸಕ್ಕೆ ಸೇರಿದವರ ತಲೆ ಅದೇ ಕುರ್ಚಿಯಲ್ಲಿ ನರೆಯುತ್ತದೆ. ಇದನ್ನು ಕಂಡು ನಕ್ಕು ಸುಮ್ಮನಾಗಬಹುದು. ಆದರೆ ಅದೇ ಪದ ಜಮೀನಿನ ಪತ್ರದ ಮೇಲೆ ಬಂದು ಕೂತಾಗ ನಗು ಬಾರದು. ಕೋಲಾರ ಜಿಲ್ಲೆಯ ನೆಲಕ್ಕೆ ಇದರ ಅನುಭವ ನೂರೈವತ್ತು ವರ್ಷದ್ದು.

ಅಲ್ಲಿನ ಚಿನ್ನದ ಗಣಿಯ ಕಥೆ ಶುರುವಾದದ್ದೇ ಒಂದು ಪರವಾನಗಿಯಿಂದ. ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಮಾಜಿ ಸೈನಿಕ ಮೈಕೇಲ್ ಲ್ಯಾವೆಲ್ 1875ರಲ್ಲಿ ಮೈಸೂರು ಸರ್ಕಾರದಿಂದ ಗಣಿ ತೋಡುವ ಹಕ್ಕು ಪಡೆದ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಬಂತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗಿಂತ ಮೊದಲೇ ಕೆ.ಜಿ.ಎಫ್. ತಲುಪಿತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 2001ರ ಫೆಬ್ರುವರಿ 28ರಂದು ಬಾಗಿಲು ಮುಚ್ಚಿತು. ಪರವಾನಗಿಗಳು ಮುಗಿದವು, ಕಂಪನಿಗಳು ಹೋದವು, ಚಿನ್ನವೂ ಹೋಯಿತು. ಉಳಿದದ್ದು ಅದಿರನ್ನು ಅರೆದು ಚೆಲ್ಲಿದ ಪುಡಿಯ ರಾಶಿಗಳು. ಊರಿನ ಜನ ಅವನ್ನು ಸೈನೈಡ್ ಗುಡ್ಡಗಳು ಎನ್ನುತ್ತಾರೆ. ಗಾಳಿ ಎದ್ದ ದಿನ ಆ ದೂಳು ಒಣಗಲು ಹಾಕಿದ ಬಟ್ಟೆಯ ಮೇಲೂ ಬರುತ್ತದೆ, ಉಸಿರಿಗೂ ಬರುತ್ತದೆ.

ಈಗ ಆ ನೆಲಕ್ಕೆ ಹೊಸ ಬದುಕು ಕೊಡುವ ಮಾತು ನಡೆದಿದೆ. 13 ರಾಶಿಗಳಿರುವ ಸುಮಾರು 1,003 ಎಕರೆಯಲ್ಲಿ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗಣಿಯ ಬೇರೆ ಜಾಗದಲ್ಲಿ ಕೈಗಾರಿಕಾ ಟೌನ್‌ಶಿಪ್ ಕಟ್ಟಬೇಕೆಂಬ ಆಸೆ ರಾಜ್ಯದ್ದು. ಇಂಥ ಯೋಜನೆಗಳು ಕಾಗದದಿಂದ ನೆಲಕ್ಕೆ ಇಳಿಯಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಖಾಲಿ ಬಿದ್ದ ಜಾಗವನ್ನು ತಾತ್ಕಾಲಿಕ ಬಳಕೆಗೆ ಕೊಡಬಹುದೇ?

ಕಾಲೇಜಿನ ಚರ್ಚಾ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ. 'ಕೊಡಬೇಕು' ಎನ್ನುವವರ ವಾದದಲ್ಲಿ ಹುರುಳಿದೆ. ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವ ಸಾವಿರಾರು ಜನ ಕೆ.ಜಿ.ಎಫ್.ನಲ್ಲಿದ್ದಾರೆ. ಹಾಳುಬಿದ್ದ ಶೆಡ್ಡಿನಲ್ಲಿ ಐದು ವರ್ಷ ಒಂದು ತರಬೇತಿ ಕೇಂದ್ರವೋ ಸಣ್ಣ ವರ್ಕ್‌ಶಾಪೋ ನಡೆದರೆ ನಷ್ಟವೇನು? ಬಳಸದ ಜಾಗಕ್ಕೆ ಮುಳ್ಳೂ ಬರುತ್ತದೆ, ಕಳ್ಳರೂ ಬರುತ್ತಾರೆ.

'ಬೇಡ' ಎನ್ನುವವರದ್ದೂ ಹಟವಲ್ಲ. 2019ರಲ್ಲಿ 'ಕೆ.ಜಿ.ಎಫ್.' ಚಿತ್ರದ ಎರಡನೆಯ ಭಾಗದ ಚಿತ್ರೀಕರಣ ಸೈನೈಡ್ ಗುಡ್ಡದಲ್ಲಿ ನಡೆಯುತ್ತಿದ್ದಾಗ, ಪರಿಸರಕ್ಕೆ ಧಕ್ಕೆಯಾಗುತ್ತಿದೆ ಎಂಬ ದೂರಿನ ಮೇಲೆ ಸ್ಥಳೀಯ ನ್ಯಾಯಾಲಯ ತಡೆ ನೀಡಿತ್ತು. ಕೆಲವೇ ದಿನಗಳ ಬಳಕೆಗೂ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದರು. ಒಮ್ಮೆ ಸುಟ್ಟ ನಾಲಿಗೆ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ.

ಗಣಿಯಿಂದ ದೂರದ ಮಾಲೂರಿನ ಕಡೆ ಬಂದರೆ ಇದೇ ಪ್ರಶ್ನೆ ಇನ್ನೊಂದು ವೇಷದಲ್ಲಿ ಕಾಣುತ್ತದೆ. ಅಲ್ಲಿನ ಇಟ್ಟಿಗೆ, ಹೆಂಚು ಹೆಸರುವಾಸಿ. ಮಳೆ ಕೈಕೊಟ್ಟ ವರ್ಷ, ಮಗನ ಕಾಲೇಜು ಫೀಸು ಕಟ್ಟುವ ದಿನ ಹತ್ತಿರ ಬಂದಾಗ, ಎರಡು ಎಕರೆಯ ರೈತನಿಗೆ 'ಮೂರು ವರ್ಷ ಮಣ್ಣು ತೆಗೆಯಲು ಬಿಡಿ, ಆಮೇಲೆ ಹೊಲ ನಿಮ್ಮದೇ' ಎಂಬ ಮಾತು ಹಿತವಾಗಿಯೇ ಕೇಳಿಸುತ್ತದೆ. ಮಾತು ಸುಳ್ಳಲ್ಲ. ಮೂರು ವರ್ಷದ ಮೇಲೆ ಪಹಣಿಯಲ್ಲಿ ಅವನದೇ ಹೆಸರಿರುತ್ತದೆ. ಆದರೆ ರಾಗಿ ಬೆಳೆಯುತ್ತಿದ್ದ ಮೇಲ್ಮಣ್ಣು ಬೆಂಗಳೂರಿನ ಯಾವುದೋ ಬಡಾವಣೆಯಲ್ಲಿ ಗೋಡೆಯಾಗಿ ನಿಂತಿರುತ್ತದೆ. ಮಗ ಓದಿದ್ದು ಲಾಭವೇ. ಅಪ್ಪ ಅದಕ್ಕೆ ತೆತ್ತ ಬೆಲೆ ಮೂರು ವರ್ಷದ್ದಲ್ಲ. ಒಂದು ಅಂಗುಲ ಮಣ್ಣು ಕಟ್ಟಲು ಪ್ರಕೃತಿಗೆ ನೂರಾರು ವರ್ಷ ಬೇಕು.

ಹಾಗಾದರೆ ತಾತ್ಕಾಲಿಕ ಎಂಬುದನ್ನು ಅಳೆಯಬೇಕಾದದ್ದು ಕ್ಯಾಲೆಂಡರಿನಿಂದಲ್ಲ. ನೆಲ ಯಾವ ಸ್ಥಿತಿಯಲ್ಲಿ ವಾಪಸು ಬರುತ್ತದೆ ಎಂಬುದರಿಂದ. ಹತ್ತು ವರ್ಷ ಶೆಡ್ಡು ನಿಂತು ನೆಲ ಮೊದಲಿನಂತೆ ಸಿಕ್ಕಿದರೆ ಅದು ತಾತ್ಕಾಲಿಕ. ಹತ್ತೇ ದಿನದಲ್ಲಿ ಬಾವಿಯ ನೀರು ಕೆಟ್ಟರೆ ಅದು ಶಾಶ್ವತ.

ಕಾನೂನಿಗೂ ಇದು ನಿಧಾನವಾಗಿ ಅರ್ಥವಾಗಿದೆ. ಪ್ರಮುಖ ಖನಿಜಗಳ ಗಣಿ ನಡೆಸುವವರು ಮುಚ್ಚುವ ಯೋಜನೆಯನ್ನೂ ಕೊಡಬೇಕು, ಅದಕ್ಕೆ ಹಣಕಾಸಿನ ಖಾತರಿಯನ್ನೂ ಇಡಬೇಕು ಎಂಬ ನಿಯಮ ದೇಶದಲ್ಲಿ ಬಂದದ್ದು 2003ರಲ್ಲಿ. ಕೆ.ಜಿ.ಎಫ್. ಮುಚ್ಚಿ ಆಗಲೇ ಎರಡು ವರ್ಷವಾಗಿತ್ತು! ಹೊಸ ಇಟ್ಟಿಗೆ ಗೂಡುಗಳು ವಾಸದ ಮನೆಗಳಿಂದ, ಹಣ್ಣಿನ ತೋಟಗಳಿಂದ ಕನಿಷ್ಠ 800 ಮೀಟರ್ ದೂರವಿರಬೇಕೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ್ದು 2022ರಲ್ಲಿ. ಶ್ರೀನಿವಾಸಪುರದ ಮಾವಿನ ತೋಟದವರು ನೆನಪಿಡಬೇಕಾದ ಅಂಕಿ ಅದು.

ಕೆಟ್ಟ ನೆಲಕ್ಕೆ ತಾತ್ಕಾಲಿಕ ಬಳಕೆಯಿಂದಲೇ ಒಳಿತಾಗುವ ದಾರಿಯೂ ಇದೆ. ಹಾಲೆಂಡಿನ ಆಮ್‌ಸ್ಟರ್‌ಡ್ಯಾಂ ನಗರದಲ್ಲಿ ಮುಚ್ಚಿಹೋದ ಹಡಗುಕಟ್ಟೆಯೊಂದರ ಮಣ್ಣು ವಿಷವಾಗಿತ್ತು. ನಗರಸಭೆ 2012ರಲ್ಲಿ ಆ ಜಾಗವನ್ನು 10 ವರ್ಷದ ಗುತ್ತಿಗೆಗೆ ಯುವಕರ ಗುಂಪೊಂದಕ್ಕೆ ಕೊಟ್ಟಿತು. ಅವರು ನೆಲ ಅಗೆಯದೆ, ಗುಜರಿಗೆ ಹೋಗಬೇಕಿದ್ದ ದೋಣಿಮನೆಗಳನ್ನು ಅಲ್ಲಿ ತಂದಿಟ್ಟು ಕೆಲಸದ ಕೋಣೆ ಮಾಡಿಕೊಂಡರು. ಸುತ್ತಲೂ ಮಣ್ಣಿನ ವಿಷ ಹೀರುವ ಗಿಡ ನೆಟ್ಟರು. ಸೈನೈಡ್ ಗುಡ್ಡದ ಸಮಸ್ಯೆ ಅದಕ್ಕಿಂತ ಬಹಳ ದೊಡ್ಡದು. ಅಲ್ಲಿನ ಉಪಾಯ ಇಲ್ಲಿಗೆ ಹಾಗೆಯೇ ಒಗ್ಗದು. ಆದರೆ ಬಂದವರು ನೆಲವನ್ನು ಬಂದಾಗಿನದಕ್ಕಿಂತ ಒಂದಿಷ್ಟು ಚೆನ್ನಾಗಿ ಮಾಡಿ ಹೋಗಬೇಕೆಂಬ ತತ್ವ ಎಲ್ಲಿಗಾದರೂ ಒಗ್ಗುತ್ತದೆ.

ಆದ್ದರಿಂದ ಮುಳಬಾಗಿಲಿನ ಕಲ್ಲುಕ್ವಾರಿಯಾಗಲಿ, ಕೋಲಾರದ ಹೊಸ ಕಾರ್ಖಾನೆಯ ಪಕ್ಕದ ಲಾರಿ ನಿಲ್ದಾಣವಾಗಲಿ, ಪರವಾನಗಿಯ ಮಾತು ಬಂದಾಗ 'ಎಷ್ಟು ವರ್ಷ, ಎಷ್ಟು ಬಾಡಿಗೆ' ಎಂದಷ್ಟೇ ಕೇಳಿ ನಿಲ್ಲಬಾರದು. ಇಂದಿನ ಮಣ್ಣು, ನೀರಿನ ಪರೀಕ್ಷೆಯ ವರದಿ ಎಲ್ಲಿದೆ? ಮುಗಿಯುವ ತಾರೀಖು ಪತ್ರದಲ್ಲಿದೆಯೇ? ನೆಲ ಸರಿಪಡಿಸಲು ಇಟ್ಟ ಠೇವಣಿ ಎಷ್ಟು, ಅದು ಯಾರ ಕೈಯಲ್ಲಿದೆ? ಈ ಮೂರು ಪ್ರಶ್ನೆಗೆ ಉತ್ತರವಿದ್ದರೆ ಕೊಡಬಹುದು. ಇಲ್ಲದಿದ್ದರೆ ಆ ಪತ್ರಕ್ಕೆ ರುಜು ಹಾಕುವ ಆತುರ ಬೇಡ.

ಕೇಳಲು ಜಾಗಗಳಿವೆ. ಗ್ರಾಮಸಭೆಯಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಿದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ 30 ದಿನದೊಳಗೆ ಉತ್ತರ ಕೊಡಬೇಕು. ಅಪ್ಪ ಅಮ್ಮನಿಗೆ ಕಡತದ ಭಾಷೆ ತೊಡಕೆನಿಸಿದರೆ, ಓದಿದ ಮಗ, ಮಗಳು ಪಕ್ಕದಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳಲಿ. ಹೊಲದ ಮಣ್ಣಿನ ಋಣದಲ್ಲಿ ಕಲಿತ ಅಕ್ಷರ ಆ ಹೊಲದ ಕಾಗದ ಓದುವುದಕ್ಕೂ ಒದಗಬೇಕಲ್ಲವೇ?