ಕುಂದಾಪುರದ ನೀರೂ ವೇಗದ ಈಜೂ

ಬ್ರಹ್ಮಾವರದಿಂದ ಬೈಂದೂರಿನವರೆಗೆ ಸಂಚರಿಸುವವರಿಗೆ ನೀರು ಕಣ್ಣಿಗೆ ಮರೆಯಾಗುವ ಹೊತ್ತೇ ಕಡಿಮೆ. ತೆಂಕಲಿಗೆ ಸ್ವರ್ಣಾನದಿ, ಬಡಗಲಿಗೆ ಸೀತಾನದಿ. ಇವೆರಡರ ನಡುವೆ ಬ್ರಹ್ಮಾವರ. ಮಾಬುಕಳದ ಸೇತುವೆಯನ್ನು ದಾಟಿ, ಸಾಲಿಗ್ರಾಮ, ಕೋಟ, ಕುಂಭಾಶಿಗಳನ್ನು ಹಿಂದಿಕ್ಕಿ ಸಾಗಿದರೆ ಮೂರು ಕಡೆಯಿಂದಲೂ ನೀರು ಬಳಸಿದ ಕುಂದಾಪುರ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಅಲ್ಲಿ ಕೂಡಿ, ಪಂಚಗಂಗಾವಳಿಯೆಂಬ ಹೆಸರನ್ನು ತಳೆದು, ಗಂಗೊಳ್ಳಿಯ ಅಳಿವೆಯಲ್ಲಿ ಪಡುಗಡಲನ್ನು ಸೇರುತ್ತವೆ.

ಇಂತಹ ನಾಡಿನಲ್ಲಿ ಈಜು ಬಾಳಿನ ಒಂದು ಅಂಗವಾಗಿರುವುದು ಸಹಜವೇ ಸರಿ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅದರ ಮೇಲೆ ಎದೆಯೂರಿ ಮದಗದಲ್ಲಿ ಕಾಲು ಬಡಿಯುವುದೇ ಇಲ್ಲಿಯ ಮಕ್ಕಳ ಮೊದಲ ಪಾಠ. ಕೋಟದ ಸಮೀಪದ ಕೋಡಿ ಕನ್ಯಾನದ ಗೋಪಾಲ ಖಾರ್ವಿಯವರು 2013ರಲ್ಲಿ ಕೈಗೆ ಬೇಡಿ, ಕಾಲಿಗೆ ಸಂಕೋಲೆ ತೊಟ್ಟು ಮಲ್ಪೆಯ ಕಡಲಿನಲ್ಲಿ ಈಜಿ ಗಿನ್ನೆಸ್ ದಾಖಲೆಗೆ ಪಾತ್ರರಾದರು. ಧೈರ್ಯಕ್ಕೂ ತಾಳ್ಮೆಗೂ ಈ ಕರಾವಳಿಯಲ್ಲಿ ಕೊರತೆಯಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದರೆ ವೇಗದ ಮಾತೇ ಬೇರೆ. ಬಾಲ್ಯದಲ್ಲಿ ಹೊಳೆಯನ್ನು ಈಜಿ ದಾಟಿದ ಗೃಹಸ್ಥನೊಬ್ಬನಿಗೆ ನಲ್ವತ್ತರ ವಯಸ್ಸಿನಲ್ಲಿ ಸ್ಪರ್ಧೆಗೆ ಇಳಿಯುವ ಮನಸ್ಸಾಯಿತೆನ್ನೋಣ. ಅದಕ್ಕೆ ಅವಕಾಶ ಇಲ್ಲದಿಲ್ಲ. ಇಪ್ಪತ್ತೈದು ದಾಟಿದವರಿಗಾಗಿ ಐದೈದು ವರ್ಷಗಳ ವರ್ಗಗಳನ್ನು ಮಾಡಿ ನಡೆಯಿಸುವ ‘ಮಾಸ್ಟರ್ಸ್’ ಪಂದ್ಯಗಳು ಸ್ತ್ರೀಪುರುಷರಿಬ್ಬರಿಗೂ ಉಂಟು. ಅವುಗಳಲ್ಲಿ 200 ಮತ್ತು 400 ಮೀಟರುಗಳ ಫ್ರೀಸ್ಟೈಲ್ ಮಧ್ಯಮ ದೂರದ ಪಂದ್ಯಗಳೆನಿಸುತ್ತವೆ. ಒಂದೇ ಉಸಿರಿನ ಓಟವೂ ಇವಲ್ಲ, ಗಂಟೆಗಟ್ಟಲೆಯ ತೇಲಾಟವೂ ಅಲ್ಲ. ಬಲವನ್ನು ಅಳೆದು ವೆಚ್ಚಮಾಡುವ ಪಂದ್ಯಗಳು.

ಇಲ್ಲೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ 200 ಮೀಟರ್ ಫ್ರೀಸ್ಟೈಲಿನಲ್ಲಿ ಈಜಿದ ನಿಶಾ ಮಿಲ್ಲೆಟ್, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ತಮ್ಮ ಹದಿನಾಲ್ಕನೆಯ ವಯಸ್ಸಿಗೇ ಅದೇ ಪಂದ್ಯದಲ್ಲಿ ಈಜಿದ ಧಿನಿಧಿ ದೇಸಿಂಘು—ಇಬ್ಬರೂ ಬೆಂಗಳೂರಿನವರು. ಕಡಲೂ ಇಲ್ಲದ, ತುಂಬಿ ಹರಿಯುವ ಹೊಳೆಯೂ ಇಲ್ಲದ ಊರು ಅದು. ನೀರು ಬೇಕಾದಷ್ಟಿರುವ ನಮಗೆ ದೊರೆಯದ ಯಾವ ವಸ್ತು ಅಲ್ಲಿದೆ? ಅಳತೆಗೆ ಒಳಪಟ್ಟ ನಿಶ್ಚಲವಾದ ನೀರು, ಮತ್ತು ಅದರ ಪಕ್ಕದಲ್ಲೊಂದು ಗಡಿಯಾರ. ಇಷ್ಟೇ ಎಲ್ಲವೂ ಅಲ್ಲ. ಆದರೆ ಇದಿಲ್ಲದೆ ಉಳಿದುದು ಸಾಗದು.

ಮರವಂತೆಯಲ್ಲಿ ನಿಂತು ನೋಡಿದರೆ ಈ ಮಾತಿನ ಮರ್ಮ ತಿಳಿಯುತ್ತದೆ. ಕೊಡಚಾದ್ರಿಯ ಕಡೆಯಿಂದ ಇಳಿದು ಬರುವ ಸೌಪರ್ಣಿಕೆ ಕಡಲಿಗೆ ಕೂಗಳತೆಯಷ್ಟು ಸಮೀಪಕ್ಕೆ ಬಂದು, ಅದನ್ನು ಸೇರದೆ ತೆಂಕಲಿಗೆ ತಿರುಗಿಬಿಡುತ್ತಾಳೆ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಅಲೆಗಳ ಮೊರೆತ, ಇನ್ನೊಂದು ಮಗ್ಗುಲಲ್ಲಿ ಕನ್ನಡಿಯಂತಹ ಹೊಳೆ. ಆದರೆ ಕನ್ನಡಿಯಂತೆ ತೋರುವ ಆ ನೀರೂ ಉಬ್ಬರ ಇಳಿತಗಳಿಗೆ ಒಳಗಾದುದೇ. ಸೆಕೆಂಡಿಗೆ ಒಂದು ಮೀಟರು ಈಜಬಲ್ಲವನು ನಿಂತ ನೀರಿನಲ್ಲಿ 400 ಮೀಟರುಗಳನ್ನು 6 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಸುವನು. ಸೆಕೆಂಡಿಗೆ ಕಾಲು ಮೀಟರಿನ ಸೆಳೆತವಿರುವ ಹೊಳೆಯಲ್ಲಿ ಅವನೇ 200 ಮೀಟರು ಕೆಳಕ್ಕೆ, 200 ಮೀಟರು ಮೇಲಕ್ಕೆ ಈಜಲಿ: ಹೋಗುವಾಗ 160 ಸೆಕೆಂಡು, ಬರುವಾಗ 267 ಸೆಕೆಂಡು, ಒಟ್ಟು 7 ನಿಮಿಷ 7 ಸೆಕೆಂಡು. ಹೋಗಿ ಬಂದರೆ ಲಾಭನಷ್ಟಗಳು ಸರಿಹೋಗುವುವೆಂಬ ನಂಬಿಕೆ ಹೀಗೆ ಸುಳ್ಳಾಗುತ್ತದೆ. ಇಳಿತದೊಡನೆ ಈಜಿದ ದಿನ ತಾನು ಶೂರನೆಂದೂ, ಎದುರು ಈಜಿದ ದಿನ ತನಗೆ ವಯಸ್ಸಾಯಿತೆಂದೂ ಭಾವಿಸುವವನು ತನ್ನ ನಿಜಸ್ಥಿತಿಯನ್ನು ಎಂದಿಗೂ ಅರಿಯಲಾರನು.

ಹೊಳೆ ಕಲಿಸಿದ ಇನ್ನೊಂದು ಅಭ್ಯಾಸವನ್ನೂ ತಿದ್ದಬೇಕಾಗುತ್ತದೆ. ದೋಣಿ ಬರುತ್ತಿದೆಯೇ, ದಡ ಎಲ್ಲಿದೆ ಎಂದು ನೋಡಲು ತಲೆಯನ್ನು ಮೇಲೆತ್ತಿ ಈಜುವುದು ಹೊಳೆಯಲ್ಲಿ ವಿವೇಕ. ಪಂದ್ಯದಲ್ಲಿ ಅದೇ ಭಾರ. ತಲೆ ಮೇಲೆದ್ದರೆ ಸೊಂಟವೂ ಕಾಲೂ ಕೆಳಗಿಳಿಯುತ್ತವೆ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದು. ವೇಗ ಎರಡರಷ್ಟಾದರೆ ನೀರಿನ ತಡೆ ಸರಿಸುಮಾರು ನಾಲ್ಕರಷ್ಟಾಗುತ್ತದೆ. ಆದುದರಿಂದ ತೋಳಿನ ಬಲವನ್ನು ಹೆಚ್ಚಿಸುವುದಕ್ಕಿಂತ ಮೊದಲು ತಡೆಯನ್ನು ತಗ್ಗಿಸತಕ್ಕದ್ದು. ನೋಟ ನೀರಿನ ತಳದ ಕಡೆಗಿರಲಿ. ಮೈ ಒಂದೇ ಗೆರೆಯಾಗಿ ಚಾಚಿರಲಿ. ಉಸಿರನ್ನು ನೀರಿನೊಳಗೇ ಮೆಲ್ಲನೆ ಬಿಟ್ಟು, ಮುಖವನ್ನು ಪಕ್ಕಕ್ಕೆ ಹೊರಳಿಸಿ ಎಳೆದುಕೊಳ್ಳಲಿ. ಕೈ ಹಿಂದಕ್ಕೆ ಸೆಳೆಯುವಾಗ ಮೊಣಕೈ ಅಂಗೈಗಿಂತ ಮೇಲಿರಲಿ. ಒಂದು ಉದ್ದಕ್ಕೆ ಎಷ್ಟು ಸಲ ಕೈ ಬೀಸಿದೆವೆಂಬುದನ್ನು ಎಣಿಸುತ್ತಿದ್ದರೆ ಸುಧಾರಣೆ ತಾನಾಗಿ ಗೋಚರಿಸುವುದು.

ಇನ್ನು ಲೆಕ್ಕದ ವಿಚಾರ. ನಿಂತ ನೀರಿನಲ್ಲಿ ಒಮ್ಮೆ 400 ಮೀಟರುಗಳನ್ನೂ, ಚೆನ್ನಾಗಿ ವಿಶ್ರಮಿಸಿದ ಬಳಿಕ 200 ಮೀಟರುಗಳನ್ನೂ ಪೂರ್ಣ ಪ್ರಯತ್ನದಿಂದ ಈಜಿ ಕಾಲವನ್ನು ಬರೆದಿಡಬೇಕು. ಮೊದಲನೆಯದಕ್ಕೆ 7 ನಿಮಿಷ 50 ಸೆಕೆಂಡು, ಎರಡನೆಯದಕ್ಕೆ 3 ನಿಮಿಷ 40 ಸೆಕೆಂಡು ಹಿಡಿಯಿತೆನ್ನಿ. ಇವುಗಳ ಅಂತರ 250 ಸೆಕೆಂಡು. ಅದರ ಅರ್ಧ, ಎಂದರೆ 2 ನಿಮಿಷ 5 ಸೆಕೆಂಡು, ನೂರು ಮೀಟರಿಗೆ ಅವನು ಹೆಚ್ಚು ಹೊತ್ತು ಕಾಯ್ದುಕೊಳ್ಳಬಲ್ಲ ವೇಗ. ಈ ವೇಗದಲ್ಲಿ ನೂರು ಮೀಟರುಗಳ ಎಂಟು ತುಂಡುಗಳನ್ನು, ನಡುನಡುವೆ 15–20 ಸೆಕೆಂಡುಗಳ ವಿರಾಮದೊಡನೆ ಈಜುವುದು ಒಳ್ಳೆಯ ಸಾಧನೆ. ಮೊದಲನೆಯ ತುಂಡಿಗೂ ಎಂಟನೆಯದಕ್ಕೂ ಹಿಡಿಯುವ ಕಾಲ ಒಂದೇ ಆಗಿರಬೇಕು. ಮೊದಲ ನೂರರಲ್ಲಿ ಹುರುಪಿನಿಂದ ಸೂರೆಮಾಡಿದವನು ಮೂರನೆಯ ನೂರರಲ್ಲಿ ಸಾಲಗಾರನಾಗುತ್ತಾನೆ. ಸಂಸಾರ ನಡೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರಕ್ಕೆ ಮೂರು ದಿನದ ಅಭ್ಯಾಸ ಗೃಹಸ್ಥರಿಗೆ ಸಾಕು. ತರುಣರ ಮೈ ಒಂದು ರಾತ್ರಿಯಲ್ಲಿ ಚೇತರಿಸಿದರೆ ನಲ್ವತ್ತರ ಮೈ ಎರಡು ರಾತ್ರಿ ಬೇಡೀತು. ಭುಜ ನೋಯುತ್ತಿರುವಾಗ ಹಟ ಸಲ್ಲದು; ಆರಂಭಕ್ಕೆ ಮುನ್ನ ವೈದ್ಯರಿಂದ ಹೃದಯವನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಕಡಲಿಗೆ ಸ್ಥಾನವೇ ಇಲ್ಲವೆಂದು ನಾವು ಹೇಳುವುದಿಲ್ಲ. ಉಪ್ಪುನೀರು ಮೈಯನ್ನು ಹೆಚ್ಚಾಗಿ ಎತ್ತಿಹಿಡಿಯುತ್ತದೆ. ಕದಡಿದ ನೀರಿನಲ್ಲಿ ಎದೆಗೆಡದಿರುವ ಗುಣವನ್ನು ಅದು ಕಲಿಸುತ್ತದೆ. ಆದರೆ ಜೂನಿನಿಂದ ಮಳೆಗಾಲ ಮುಗಿಯುವವರೆಗೆ ಮರವಂತೆಯಲ್ಲಾಗಲಿ ಬೈಂದೂರಿನ ಸೋಮೇಶ್ವರದಲ್ಲಾಗಲಿ ನೀರಿಗಿಳಿಯಬಾರದು. ಕಡಲನ್ನೇ ನಂಬಿ ಬಾಳುವ ಮೀನುಗಾರರ ಯಂತ್ರದ ದೋಣಿಗಳೇ ಜೂನ್, ಜುಲೈಗಳಲ್ಲಿ ದಡದಲ್ಲಿ ನಿಲ್ಲುತ್ತವೆ. ಉಳಿದ ಕಾಲದಲ್ಲಿಯೂ ಒಂಟಿಯಾಗಿ ಹೋಗುವುದು, ಇಳಿತದ ಹೊತ್ತಿನಲ್ಲಿ ಅಳಿವೆಯ ಬಳಿ ಈಜುವುದು ಸರ್ವಥಾ ಕೂಡದು. ನಿಪುಣನಾದ ಈಜುಗಾರನನ್ನೂ ಸೆಳೆತ ಲೆಕ್ಕಿಸುವುದಿಲ್ಲ; ಮನೆಯಲ್ಲಿ ದಾರಿ ನೋಡುವವರಿದ್ದಾರೆಂಬುದನ್ನು ಗೃಹಸ್ಥನು ಮರೆಯಲಾಗದು.

ಉಡುಪಿಯ ಅಜ್ಜರಕಾಡಿನ ಈಜುಕೊಳಕ್ಕೆ ಹೋಗಬಲ್ಲವರು ಹೋಗಲಿ. ದೂರವಾದವರು ತಮ್ಮೂರಿನ ಶುದ್ಧವಾದ ಮದಗವೊಂದನ್ನು, ಆಳವನ್ನು ತಿಳಿದುಕೊಂಡು, ಊರವರ ಒಪ್ಪಿಗೆಯಿಂದ ಬಳಸಬಹುದು. ಎರಡು ಗೂಟ, 50 ಮೀಟರಿನ ಒಂದು ಹಗ್ಗ, ದಡದಲ್ಲಿ ಗಡಿಯಾರ ಹಿಡಿದು ಕಣ್ಣಿಟ್ಟು ಕಾಯುವ ಒಬ್ಬ ಈಜುಬಲ್ಲ ಗೆಳೆಯ—ಇಷ್ಟಿದ್ದರೆ ಎಂಟು ಉದ್ದಗಳಿಗೆ 400 ಮೀಟರು ಸಿದ್ಧ. ಗಂಡಸರು ಮಾತ್ರವಲ್ಲ, ಮದುವೆಯಾದಂದಿನಿಂದ ನೀರಿಗಿಳಿಯುವುದನ್ನೇ ಬಿಟ್ಟ ನಮ್ಮ ಸೋದರಿಯರೂ ಮತ್ತೆ ಇಳಿಯುವಂತಾಗಬೇಕು. ತಾಯಿತಂದೆಗಳು ಕ್ರಮವರಿತು ಈಜುವ ಮನೆಯಲ್ಲಿ ಮಕ್ಕಳಿಗೆ ನೀರಿನ ಭಯವೂ ಇರದು, ನೀರಿನ ವಿಷಯದಲ್ಲಿ ಉಡಾಫೆಯೂ ಇರದು.